ಸ್ಪರ್ಶ ತಿಳಿಯದ ಪಾದಕ್ಕೆ ಹೆಣೆದ ಕಾಲುಚೀಲ

ಆ ಪಾದದ ಅಳತೆ ಈಗಲೂ ನನಗೆ ಬಾಯಿಪಾಠ. ಹಿಮ್ಮಡಿಯಿಂದ ಹೆಬ್ಬೆರಳ ತುದಿಯವರೆಗೆ ಇಪ್ಪತ್ತೈದು ಸೆಂಟಿಮೀಟರ್. ಬೆರಳುಗಳ ಬುಡದ ಸುತ್ತಳತೆ ಇಪ್ಪತ್ತನಾಲ್ಕು. ಹರಡಿನ ಸುತ್ತ ಬೆಳಗ್ಗೆ ಇಪ್ಪತ್ತಮೂರು, ಸಂಜೆಗೆ ಊದಿಕೊಂಡು ಇಪ್ಪತ್ತೈದು. ಬೆರಳುಗಳು ಕೊಕ್ಕೆಯ ಹಾಗೆ ಒಳಕ್ಕೆ ಬಾಗಿದ್ದವು. ಹೆಬ್ಬೆರಳ ಬುಡದಲ್ಲಿ, ನಡೆಯುವಾಗ ಮೈಭಾರವೆಲ್ಲ ಬೀಳುವ ಜಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ಗುಲಾಬಿ ಬಣ್ಣದ ಹೊಸ ಚರ್ಮ.

ಆ ಕಾಲಿನವರು ಮೇಲೂರಿನವರು. ಮೂವತ್ತು ವರ್ಷ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ, ಬಿಸಿನೀರಿನ ತೊಟ್ಟಿಯ ಮುಂದೆ, ಒದ್ದೆ ನೆಲದ ಮೇಲೆ ನಿಂತು ದುಡಿದವರು. ಸಕ್ಕರೆ ಕಾಯಿಲೆ ಅವರ ಎರಡೂ ಪಾದಗಳ ಸ್ಪರ್ಶವನ್ನು ತಿಂದುಹಾಕಿತ್ತು. ನಾನು ಶಿಡ್ಲಘಟ್ಟದ ಒಂದು ಸಣ್ಣ ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ನರ್ಸ್. ಅವರ ಬಲಗಾಲಿನ ಹುಣ್ಣಿಗೆ ಐದು ತಿಂಗಳು, ವಾರಕ್ಕೆ ಎರಡು ಸಲ ಡ್ರೆಸ್ಸಿಂಗ್ ಮಾಡಿದವಳು ನಾನೇ. ಸತ್ತ ಚರ್ಮ ಕತ್ತರಿಸುವಾಗಲೂ ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಊರ ಸುದ್ದಿ ಹೇಳುತ್ತಿದ್ದರು. ನೋವೇ ಇಲ್ಲದ ಹುಣ್ಣನ್ನು ಕಂಡರೆ ನನಗೆ ಭಯ.

ಹುಣ್ಣು ಮಾಯಿತು. ಆಸ್ಪತ್ರೆಯಿಂದ ಮೆತ್ತನೆಯ ಅಟ್ಟೆಯ, ಪಟ್ಟಿ ಬಿಗಿಯುವ ಚಪ್ಪಲಿ ಕೊಟ್ಟೆವು. ಪಟ್ಟಿ ಉಜ್ಜದಿರಲೆಂದು ಅವರು ಅಂಗಡಿಯ ಸಾಕ್ಸ್ ಹಾಕಿಕೊಂಡರು. ಹತ್ತನೆಯ ದಿನ ಬಂದಾಗ, ಸಾಕ್ಸಿನ ತುದಿಯ ಹೊಲಿಗೆ ಉಜ್ಜಿ ಎರಡು ಬೆರಳುಗಳ ಮೇಲೆ ಚರ್ಮ ಕಿತ್ತುಹೋಗಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ.

ವಾರಕ್ಕೆರಡು ದಿನ ಬರುವ ಸರ್ಜನ್ ಕನ್ನಡಕ ಮೇಲೇರಿಸಿಕೊಂಡು ನೋಡಿದರು. "ಹೊಲಿಗೆ ಇಲ್ಲದ ಸಾಕ್ಸ್ ಬೇಕು. ಮೇಲ್ಗಡೆ ಬಿಗೀಬಾರದು, ಕೆಳಗೆ ಜಾರಬಾರದು, ಎಲ್ಲೂ ಮಡಿಕೆ ಬೀಳಬಾರದು" ಎಂದರು. ತರಿಸಿಕೊಟ್ಟ ಎರಡು ಜೊತೆಯೂ ಆ ಬಾಗಿದ ಬೆರಳುಗಳಿಗೆ, ಊದುವ ಹರಡಿಗೆ ಹೊಂದಲಿಲ್ಲ. ಒಂದು ಬಿಗಿದು ಗೆರೆ ಮೂಡಿಸಿತು, ಇನ್ನೊಂದು ಹಿಮ್ಮಡಿಯ ಕೆಳಗೆ ಮುದುಡಿ ಕೂತಿತು.

"ನಾನು ಹೆಣೆದು ಕೊಡ್ತೀನಿ" ಎಂದೆ. ನರ್ಸಿಂಗ್ ಹಾಸ್ಟೆಲಿನಲ್ಲಿ ಕಲಿತ ಹೆಣಿಗೆ ನನಗೆ ಚೆನ್ನಾಗಿಯೇ ಬರುತ್ತಿತ್ತು. ಸ್ವೆಟರು, ಟೋಪಿ, ಹಸುಗೂಸುಗಳ ಕಾಲುಚೀಲ ಹೆಣೆದಿದ್ದೆ. ಕಾಲುಚೀಲ ಹೆಣೆಯುವುದು ದುಂಡಗೆ, ಐದು ಸಣ್ಣ ಕಡ್ಡಿಗಳ ಮೇಲೆ, ಆದ್ದರಿಂದ ಹೊಲಿಗೆಯ ಪ್ರಶ್ನೆಯೇ ಇಲ್ಲ. ಅಷ್ಟು ಸುಲಭವೆಂದು ತಿಳಿದಿದ್ದೆ.

ಮೊದಲ ಜೊತೆಯನ್ನು ಮಕ್ಕಳ ಉಲ್ಲನ್‌ನಲ್ಲಿ ಹೆಣೆದೆ. ಮುಟ್ಟಿದರೆ ಬೆಣ್ಣೆ. ಒಂದು ಗಂಟೆ ಹಾಕಿಸಿ ತೆಗೆದರೆ ಬೆರಳ ಸಂದಿಗಳೆಲ್ಲ ಬೆವತು ಬೆಳ್ಳಗೆ ನೆನೆದಿದ್ದವು. ನೆನೆದ ಚರ್ಮ ಬೇಗ ಹರಿಯುತ್ತದೆ. ಅದನ್ನು ಕೈಬಿಟ್ಟೆ.

ಮುಂದಿನ ವಾರ ಅವರು ಒಂದು ಲಡಿ ರೇಷ್ಮೆ ತಂದರು. "ನಾನೇ ತೆಗೆದಿದ್ದು ಸಿಸ್ಟರಮ್ಮಾ. ಇದಕ್ಕಿಂತ ನುಣುಪು ಇನ್ನೇನೈತೆ?" ಎಂದರು. ಆ ಮುಖ ನೋಡಿ ಬೇಡವೆನ್ನಲಾಗಲಿಲ್ಲ. ಸೋಪಿನ ನೀರಿನಲ್ಲಿ ಕುದಿಸಿ ಅಂಟು ತೆಗೆದು, ಎಳೆ ಕೂಡಿಸಿ ಹುರಿಮಾಡಿ ಹೆಣೆದೆ. ರೇಷ್ಮೆಗೆ ಹಿಗ್ಗಿ ಹಿಂದಕ್ಕೆ ಬರುವ ಗುಣವಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನಾಲ್ಕು ಸುತ್ತು ನಡೆಯುವಷ್ಟರಲ್ಲಿ ಚೀಲ ಜಾರಿ ಅಂಗಾಲಿನ ಕೆಳಗೆ ಸುರುಳಿಯಾಗಿತ್ತು. ಅವರು ಅದರ ಮೇಲೇ ನಡೆಯುತ್ತಿದ್ದರು.

"ಹೇಗಿದೆ ಅಣ್ಣಾ?" ಎಂದು ಕೇಳಿದೆ.

"ಬೋ ಚೆನ್ನಾಗೈತೆ" ಎಂದರು.

ಆ ಹೊತ್ತಿಗೆ ನನಗೆ ಕೆಲಸದ ನಿಜವಾದ ಕಷ್ಟ ಅರ್ಥವಾಯಿತು. ಹಿತವಾಗಿದೆಯೇ ಇಲ್ಲವೇ ಎಂದು ಹೇಳಬೇಕಾದ ಪಾದಕ್ಕೆ ಹೇಳುವ ಶಕ್ತಿಯೇ ಇಲ್ಲ. ನೈಲಾನ್ ಎಳೆ ತಾಗಿಸಿ ಸ್ಪರ್ಶ ಪರೀಕ್ಷೆ ಮಾಡುವಾಗಲೂ ಅವರು ಹಾಗೆಯೇ. "ಗೊತ್ತಾಗ್ತಿದೆಯಾ?" ಎಂದರೆ "ಹ್ಞೂಂ" ಅನ್ನುತ್ತಿದ್ದರು. ನಾನು ಎಳೆಯನ್ನು ಪಾದದಿಂದ ದೂರ ಹಿಡಿದು ಕೇಳಿದರೂ "ಹ್ಞೂಂ." ಸುಳ್ಳು ಹೇಳುವ ಮನುಷ್ಯರಲ್ಲ. ನನಗೆ ಬೇಸರವಾಗಬಾರದೆಂದು ಹೇಳುತ್ತಿದ್ದರು, ಅಷ್ಟೇ.

ಹಾಗಾಗಿ ಅವರನ್ನು ಕೇಳುವುದನ್ನು ಬಿಟ್ಟು, ಚರ್ಮವನ್ನು ನೋಡುವ ಕ್ರಮ ಹಾಕಿಕೊಂಡೆ. ಅರ್ಧ ಗಂಟೆ ಹಾಕಿಸುವುದು, ತೆಗೆದು ಕೆಂಪು ಗುರುತು ಎಲ್ಲೆಲ್ಲಿವೆ ಎಂದು ಪಾದದ ಚಿತ್ರದ ಮೇಲೆ ಬರೆದುಕೊಳ್ಳುವುದು. ಇಪ್ಪತ್ತು ನಿಮಿಷದಲ್ಲಿ ಕೆಂಪು ಹೋದರೆ ಸರಿ. ಹೋಗದಿದ್ದರೆ ಅಲ್ಲಿಯವರೆಗೆ ಬಿಚ್ಚಿ ಮತ್ತೆ ಹೆಣೆಯುವುದು.

ನಾನಿರುವುದು ಚಿಂತಾಮಣಿಯಲ್ಲಿ. ಅಲ್ಲಿನ ಒಬ್ಬ ಅಂಗಡಿಯವರು ಹತ್ತಿ, ಉಣ್ಣೆ, ಸ್ವಲ್ಪ ನೈಲಾನ್ ಕೂಡಿದ ತೆಳ್ಳನೆಯ ನೂಲು ತರಿಸಿಕೊಟ್ಟರು. ಎರಡೇ ಬಣ್ಣ, ಬಿಳಿ ಮತ್ತು ಕಾಫಿ ಪುಡಿಯ ಬಣ್ಣ. ಡ್ರೆಸ್ಸಿಂಗ್ ಕೋಣೆಯಲ್ಲಿ ಎರಡೂ ಉಂಡೆಗಳನ್ನು ಮುಂದಿಟ್ಟಾಗ ಅವರ ಹೆಂಡತಿ ಬಿಳಿಯದನ್ನು ಪಕ್ಕಕ್ಕೆ ತಳ್ಳಿದರು. ಆಕೆಯೂ ನೂಲು ತೆಗೆಯುವವರೇ, ಮಾತು ಕಡಿಮೆ.

"ನೂಲು ತೆಗೆಯೋ ಒದ್ದೆ ನೆಲದಾಗೆ ಬಿಳೀದು ಒಂದಿನ ಇರಲ್ಲ. ಇದೇ ಇರ್ಲಿ" ಎಂದರು.

ಬಿಳಿ ಯಾಕೆ ಬೇಕು ಎಂಬುದು ನನಗೆ ಗೊತ್ತಿರಬೇಕಿತ್ತು. ಕೀವಿನ ಒಂದು ಹನಿ, ರಕ್ತದ ಒಂದು ಚುಕ್ಕೆ ಬಿಳಿಯ ಮೇಲಾದರೆ ಕಾಣುತ್ತದೆ. ಗಾಯಕ್ಕೆ ಬಿಳಿ ಗಾಜ್ ಬಟ್ಟೆ ಇಡುವುದನ್ನು ದಿನಾ ಮಾಡುವವಳು ನಾನು. ಆದರೂ ಆಗ ನನ್ನ ತಲೆಯಲ್ಲಿ ಇದ್ದದ್ದು ಅಳತೆ, ಕುಣಿಕೆಗಳ ಲೆಕ್ಕ. ಕಾಫಿ ಬಣ್ಣದ ಉಂಡೆ ಎತ್ತಿಕೊಂಡೆ.

ಆ ಜೊತೆಯಂಥ ಹೆಣಿಗೆಯನ್ನು ನಾನು ಅದಕ್ಕೆ ಮುಂಚೆ ಹೆಣೆದಿರಲಿಲ್ಲ. ಸೆಂಟಿಮೀಟರಿಗೆ ಮೂರು ಕುಣಿಕೆ ಬರುವಂತೆ ಸಣ್ಣ ಕಡ್ಡಿ ಆರಿಸಿದೆ. ಪಾದದ ಸುತ್ತಳತೆಗೆ ಎಪ್ಪತ್ತೆರಡು ಕುಣಿಕೆ ಬೇಕು, ಸ್ವಲ್ಪ ಹಿಡಿದು ನಿಲ್ಲಲೆಂದು ಅರವತ್ತೆಂಟು ಹಾಕಿದೆ. ಬಾಯಿಯ ಅಂಚು ಬಿಗಿಯದಂತೆ ಎರಡು ಕಡ್ಡಿ ಜೋಡಿಸಿ ಸಡಿಲವಾಗಿ ಕುಣಿಕೆ ಎತ್ತಿದೆ. ಎರಡು ಸೀದಾ, ಎರಡು ಉಲ್ಟಾ, ಹೀಗೆ ಹರಡಿನ ಮೇಲೆ ನಾಲ್ಕು ಬೆರಳಗಲ. ಆಮೇಲೆ ಅರ್ಧ ಕುಣಿಕೆಗಳಲ್ಲಿ ಮಾತ್ರ ಹಿಮ್ಮಡಿಯ ಪಟ್ಟಿ, ಮೂವತ್ತನಾಲ್ಕು ಸಾಲು. ಅದರಲ್ಲಿ ಒಂದು ಬಿಟ್ಟು ಒಂದು ಕುಣಿಕೆಯನ್ನು ಹೆಣೆಯದೆ ದಾಟಿಸುತ್ತಾ ಹೋದರೆ ಬಟ್ಟೆ ಎರಡು ಪದರದಷ್ಟು ದಪ್ಪವಾಗುತ್ತದೆ, ಬೇಗ ಸವೆಯುವುದಿಲ್ಲ. ಹಿಮ್ಮಡಿ ತಿರುಗಿಸುವಾಗ ಮೂವತ್ತನಾಲ್ಕು ಕುಣಿಕೆ ಇಪ್ಪತ್ತಕ್ಕೆ ಇಳಿದು, ಚಪ್ಪಟೆ ಪಟ್ಟಿಯೊಂದು ಬಟ್ಟಲಿನ ಹಾಗೆ ಬಾಗುತ್ತದೆ. ಎಷ್ಟು ಸಲ ಹೆಣೆದರೂ ಆ ಬಾಗು ನೋಡುವುದೇ ಒಂದು ಖುಷಿ.

ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ ಹೆಣೆದೆ. ಎಡಗಾಲಿನದು ಮುಗಿಯಿತು. ಬಲಗಾಲಿನದು ಅರ್ಧವಾಗಿದ್ದಾಗ ಅವರು ಹೇಳಿದರು, "ಬರೋ ಶುಕ್ರವಾರ ಗೌರಿಬಿದನೂರಲ್ಲಿ ನನ್ನ ತಂಗಿ ಮಗಳ ಮದುವೆ. ಸೋದರಮಾವ ನಾನು, ಬಾಗ್ಲಲ್ಲಿ ನಿಂತು ಬಂದೋರನ್ನ ಕರೀಬೇಕು. ಆಗಿದ್ರೆ ಅದನ್ನೇ ಹಾಕ್ಕೊಂಡು ಹೋಗ್ತೀನಿ."

"ಆಗುತ್ತೆ" ಎಂದೆ.

ಬುಧವಾರ ಮಧ್ಯಾಹ್ನ ಅಂಗಾಲಿನ ಭಾಗ ಮುಗಿಸುತ್ತಿದ್ದೆ. ಉಂಡೆಯೊಳಗಿನಿಂದ ಒಂದು ಗಂಟು ಹೊರಗೆ ಬಂತು. ಮಿಲ್ಲಿನಲ್ಲಿ ನೂಲು ತುಂಡಾದಾಗ ಅವರೇ ಹಾಕುವ ಗಂಟು. ಅದನ್ನು ಕಂಡಾಗ ಮಾಡಬೇಕಾದದ್ದು ನನಗೆ ಗೊತ್ತಿತ್ತು. ಗಂಟಿನ ಎರಡೂ ಕಡೆ ಕತ್ತರಿಸಬೇಕು, ಎರಡು ಸಾಲು ಹಿಂದಕ್ಕೆ ಬಿಚ್ಚಬೇಕು, ಎರಡು ತುದಿಗಳನ್ನು ತೆಳುಮಾಡಿ ಒಂದರ ಮೇಲೊಂದಿಟ್ಟು ಎಂಟು ಹತ್ತು ಕುಣಿಕೆ ಜೋಡಿ ನೂಲಿನಲ್ಲಿ ಹೆಣೆಯಬೇಕು, ಅದೂ ಪಾದದ ಮೇಲ್ಭಾಗದಲ್ಲಿ. ಕಾಲು ಗಂಟೆಯ ಕೆಲಸ. ಹೊರಗೆ ಏಳು ಜನ ಡ್ರೆಸ್ಸಿಂಗಿಗೆ ಕಾಯುತ್ತಿದ್ದರು. ಗಂಟು ಸಾಸಿವೆಗಿಂತ ಚಿಕ್ಕದಿತ್ತು. ಕ್ರೋಶಾ ಕಡ್ಡಿಯಿಂದ ಅದನ್ನು ಹೊರಮೈಗೆ ತಳ್ಳಿದೆ. ಒಳಗೆ ಬೆರಳಾಡಿಸಿದೆ, ಏನೂ ತಾಗಲಿಲ್ಲ. ಮುಂದಕ್ಕೆ ಹೆಣೆದೆ.

ಗುರುವಾರ ಬೆರಳ ತುದಿಯ ಕೊನೆಯ ಇಪ್ಪತ್ತು ಕುಣಿಕೆಗಳನ್ನು, ಹತ್ತಕ್ಕೆ ಹತ್ತು, ಸೂಜಿಯಿಂದ ಒಂದಾಗಿಸಿದೆ. ಎಲ್ಲಿ ಸೇರಿತೆಂದು ನನಗೇ ಕಾಣದಷ್ಟು ಚೆನ್ನಾಗಿ ಬಂತು. ಅರ್ಧ ಗಂಟೆ ಹಾಕಿಸಿ, ತೆಗೆದು ನೋಡಿದೆ. ಒಂದು ಕೆಂಪು ಗುರುತೂ ಇಲ್ಲ. ಸರ್ಜನ್ ಕೂಡ ತಿರುವಿ ನೋಡಿ, "ಫಸ್ಟ್ ಕ್ಲಾಸ್" ಎಂದರು.

"ದಿನಾ ಸಂಜೆ ತೆಗೀಬೇಕು ಅಣ್ಣಾ. ಕನ್ನಡಿ ಇಟ್ಟು ಅಂಗಾಲು ನೋಡ್ಕೋಬೇಕು" ಎಂದು ಹೇಳಿದೆ.

"ಆಗ್ಲಮ್ಮಾ" ಎಂದು ಅವರು ನಕ್ಕರು.

ಮದುವೆ ಮುಗಿದ ವಾರ ಅವರು ತೋರಿಸಿಕೊಳ್ಳಲು ಬರಲಿಲ್ಲ. ನೆಂಟರು, ಬೀಗರ ಊಟ ಎಂದುಕೊಂಡೆ. ಅದರ ಮುಂದಿನ ವಾರವೂ ಬರದಿದ್ದಾಗ ಫೋನ್ ಮಾಡಿದೆ. "ಪರ್ವಾಲೇದು ಸಿಸ್ಟರಮ್ಮಾ, ಸ್ವಲ್ಪ ಜ್ವರ, ನಾಳೆ ಬರ್ತೀನಿ" ಎಂದರು. ಜ್ವರ ಎಂದರೆ ಎಲ್ಲೋ ಸೋಂಕು. "ನಾಳೆ ಬೇಡ, ಈಗಲೇ ಬನ್ನಿ" ಎಂದೆ.

ಆಟೋದಿಂದ ಅವರನ್ನು ಗಾಲಿಕುರ್ಚಿಯಲ್ಲಿ ತಂದರು. ಕಾಲುಚೀಲ ಹಾಕಿಕೊಂಡೇ ಇದ್ದರು. ಬಾಗಿಲಿನಲ್ಲೇ ವಾಸನೆ ಗೊತ್ತಾಯಿತು. ಬಲಗಾಲಿನ ಚೀಲ ಅಂಗಾಲಿಗೆ ಅಂಟಿಕೊಂಡಿತ್ತು. ಸಲೈನ್ ಸುರಿದು, ನೆನೆಸಿ, ಸ್ವಲ್ಪಸ್ವಲ್ಪವೇ ಬಿಡಿಸಿದೆ. ಹೊರಗಿನಿಂದ ಆ ಕಾಫಿ ಬಣ್ಣದ ಮೇಲೆ ಒಂದು ಕಲೆಯೂ ಕಾಣುತ್ತಿರಲಿಲ್ಲ. ಹೆಣಿಗೆ ಎಲ್ಲೂ ಸವೆದಿರಲಿಲ್ಲ, ಒಂದು ಕುಣಿಕೆ ಜಾರಿರಲಿಲ್ಲ. ಒಳಗೆ, ಹೆಬ್ಬೆರಳ ಬುಡದ ಹೊಸ ಚರ್ಮ ಇದ್ದ ಕಡೆಗಿಂತ ಒಂದು ಬೆರಳು ಈಚೆಗೆ, ಕಪ್ಪು ಅಂಚಿನ ತೂತು. ಆಳ ನೋಡಲು ಸಲಾಕೆ ಇಳಿಸಿದರೆ ಗಟ್ಟಿಯಾಗಿ ಮೂಳೆ ತಾಗಿತು.

"ದಿನಾ ತೆಗೀತಿರಲಿಲ್ವಾ ಅಣ್ಣಾ?"

ಅವರು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದರು. ಹೆಂಡತಿ ಹೇಳಿದರು, "ತೆಗ್ದೇ ಇಲ್ಲಮ್ಮಾ. ಮದುವೇಲಿ ಎಲ್ರಿಗೂ ಕಾಲೆತ್ತಿ ತೋರಿಸಿದ್ದೇ ತೋರಿಸಿದ್ದು, ಸಿಸ್ಟರಮ್ಮ ಕೈಯ್ಯಾರೆ ಹೆಣ್ದು ಕೊಟ್ಟವ್ರೆ ಅಂತ. ಮನೇಗೆ ಬಂದ್ಮೇಲೂ ಅದ್ರಾಗೇ ಮಲಗೋದು. ತೆಗೀರಿ ಅಂದ್ರೆ, ಇರ್ಲಿ ಬಿಡೇ ಬೆಚ್ಚಗೈತೆ ಅಂತಿದ್ರು."

ಬೆಚ್ಚಗಿರುವುದು ಅವರಿಗೆ ತಿಳಿಯುತ್ತಿರಲಿಲ್ಲ. ಅದು ನನಗೂ ಗೊತ್ತು, ಆಕೆಗೂ ಗೊತ್ತು.

ಸರ್ಜನ್ನಿಗೆ ಫೋನ್ ಮಾಡಿ, ಡ್ರಿಪ್ ಹಾಕಿ, ಡ್ರೆಸ್ಸಿಂಗ್ ಮುಗಿಸಿ, ಟ್ರೇ ತೊಳೆಯಲು ಒಳಗೆ ಹೋದೆ. ಕಾಲುಚೀಲ ಟ್ರೇಯಲ್ಲಿತ್ತು. ಮೊದಲು ಬಿಸಾಡಬೇಕೆಂದೇ ಎತ್ತಿಕೊಂಡೆ. ಆಮೇಲೆ ಒಳಮೈ ಹೊರಮಾಡಿ ತೊಳೆದೆ. ಗಾಯದ ಗುರುತಿದ್ದ ಜಾಗದಲ್ಲಿ ಬೆರಳಾಡಿಸಿದೆ. ಚಪ್ಪಲಿಯ ಅಟ್ಟೆ ಒತ್ತಿ ಒತ್ತಿ, ನಾನು ಹೊರಗೆ ತಳ್ಳಿದ್ದ ಗಂಟು ಒಳಕ್ಕೆ ಬಂದಿತ್ತು. ಕೀವಿನಲ್ಲಿ ನೆನೆದು ಒಣಗಿದ್ದು, ತೊಳೆದ ಮೇಲೂ ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

ಪಕ್ಕದಲ್ಲೇ ಹಳದಿ ಕಸದ ಡಬ್ಬಿ ಇತ್ತು. ಸೋಂಕು ತಗುಲಿದ ಬಟ್ಟೆಬರೆ ಹಾಕುವ ಡಬ್ಬಿ. ಸಂಜೆ ಗಾಡಿ ಬಂದು ಒಯ್ದು ಸುಡುತ್ತಾರೆ. ಅದರೊಳಗೆ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಾಕುವುದೇ ನಿಯಮ ಕೂಡ. ಡಬ್ಬಿಯ ಮುಚ್ಚಳ ಕಾಲಿನಲ್ಲಿ ಒತ್ತಿ ತೆಗೆದು ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಆಯಾ ಬಂದು, "ಯಾಕಮ್ಮಾ, ಹುಷಾರಿಲ್ವಾ?" ಎಂದು ಕೇಳಿದಾಗ ಮುಚ್ಚಳ ಬಿಟ್ಟೆ. ಚೀಲವನ್ನು ಪಾರದರ್ಶಕ ಕವರಿಗೆ ಹಾಕಿ ಸರ್ಜನ್ ಬರುವವರೆಗೆ ಕೈಯಲ್ಲಿ ಹಿಡಿದುಕೊಂಡಿದ್ದೆ.

ಅವರು ಕವರನ್ನು ಬೆಳಕಿಗೆ ಹಿಡಿದು ನೋಡಿದರು. "ಇದೇ ಕಾರಣ ಅಂತ ಹೇಳೋಕಾಗಲ್ಲ ಸಿಸ್ಟರ್. ಇಡೀ ದಿನ ನಿಂತಿದ್ದಾರೆ, ಶುಗರ್ ನೋಡ್ಕೊಂಡಿಲ್ಲ, ಸಾಕ್ಸ್ ತೆಗೆದಿಲ್ಲ. ಹತ್ತು ಕಾರಣ ಇರುತ್ತೆ."

"ಅಲ್ಲ ಅಂತಲೂ ಹೇಳೋಕಾಗಲ್ಲ ಅಲ್ವಾ ಸರ್?"

ಅವರು ಕವರನ್ನು ಮೇಜಿನ ಮೇಲಿಟ್ಟರು. ಬೆಂಗಳೂರಿಗೆ ಕಳಿಸುವ ಚೀಟಿ ಬರೆಯತೊಡಗಿದರು.

ಆಂಬುಲೆನ್ಸ್ ಬರುವ ಮೊದಲು ಹೆಂಡತಿಯನ್ನು ಪಕ್ಕಕ್ಕೆ ಕರೆದು ಹೇಳಿದೆ. ಗಂಟು ಬಂದದ್ದು, ನಾನು ಕತ್ತರಿಸದೆ ಬಿಟ್ಟದ್ದು, ಅದು ಇದ್ದ ಜಾಗ, ಬಿಳಿ ನೂಲನ್ನು ನಾನು ಒತ್ತಾಯಿಸದೆ ಹೋದದ್ದು, ಎಲ್ಲವನ್ನೂ ಹೇಳಿದೆ. ಆಕೆ ಬ್ಯಾಗಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು.

"ನಿಮಗೆ ಗೊತ್ತಿತ್ತಾ?"

"ಗಂಟು ಇದೆ ಅಂತ ಗೊತ್ತಿತ್ತು ಅಕ್ಕಾ. ಹೀಗಾಗುತ್ತೆ ಅಂತ ಗೊತ್ತಿರ್ಲಿಲ್ಲ."

"ನಾವು ಒಂದು ಗೂಡಿನ ಎಳೆ ಕಡ್ದೋದ್ರೆ ಅಲ್ಲೇ ನಿಲ್ಲಿಸಿ ಕೂಡಿಸ್ತೀವಿ. ಅದು ಬರೀ ಸೀರೆಗೆ ಹೋಗೋ ನೂಲು."

ಅಷ್ಟೇ ಹೇಳಿ ಆಂಬುಲೆನ್ಸಿನ ಹಿಂದೆ ಹತ್ತಿದರು. ಸ್ಟ್ರೆಚರಿನ ಮೇಲಿದ್ದ ಅವರು ನನಗೆ ಕೈಯೆತ್ತಿದರು. ಅವರಿಗೆ ಇನ್ನೂ ವಿಷಯ ಗೊತ್ತಿರಲಿಲ್ಲ.

ಮೊದಲು ಹೆಬ್ಬೆರಳು ತೆಗೆದರು. ನಾಲ್ಕು ದಿನ ಬಿಟ್ಟು ಅರ್ಧ ಪಾದ. ಸೋಂಕು ಮೇಲಕ್ಕೇ ಹತ್ತುತ್ತಿತ್ತು. ಕೊನೆಗೆ ಮೊಣಕಾಲಿನಿಂದ ಒಂದು ಗೇಣು ಕೆಳಗೆ ಕತ್ತರಿಸಿದರು. ಸುದ್ದಿ ಸರ್ಜನ್ ಮೂಲಕ ಬರುತ್ತಿತ್ತು. ನಾನು ಪ್ರತಿ ಸಲ ತಲೆಯಾಡಿಸಿ ಮುಂದಿನ ರೋಗಿಯನ್ನು ಒಳಗೆ ಕರೆಯುತ್ತಿದ್ದೆ.

ಕಡ್ಡಿಗಳನ್ನು ಮನೆಯಲ್ಲಿ ಬೀರುವಿನ ತಳಕ್ಕೆ ಹಾಕಿದೆ. ಬಸ್ಸಿನಲ್ಲಿ ಕೈ ಖಾಲಿ. ಜೊತೆಯಲ್ಲಿ ಓಡಾಡುವ ಟೀಚರೊಬ್ಬರು "ಏನಮ್ಮಾ, ಹೆಣಿಗೆ ಬಿಟ್ಬಿಟ್ರಾ?" ಎಂದು ಕೇಳಿದರೆ, "ಕಣ್ಣು ನೋವು" ಎಂದೆ. ಡ್ರೆಸ್ಸಿಂಗ್ ಮಾಡುವಾಗ ಗಾಜ್ ಬಟ್ಟೆಯ ಮಡಿಕೆಗಳನ್ನು ಮೂರು ಮೂರು ಸಲ ಬಿಚ್ಚಿ ನೋಡುವ ಅಭ್ಯಾಸ ಶುರುವಾಯಿತು. ಸಾಲು ಉದ್ದವಾಗುತ್ತಿತ್ತು, ಜನ ಗೊಣಗುತ್ತಿದ್ದರು. ಬೇರೆ ವಿಭಾಗಕ್ಕೆ ಹಾಕಿ ಎಂದು ಅರ್ಜಿ ಬರೆದೆ. ಡ್ರೆಸ್ಸಿಂಗಿಗೆ ಬೇರೆ ಯಾರೂ ಇಲ್ಲವೆಂದು ಅದು ವಾಪಸು ಬಂತು.

ಮೂರು ತಿಂಗಳ ಮೇಲೆ ಆಕೆ ಬಂದರು. ಒಬ್ಬರೇ. ಚೀಟಿ ಮಾಡಿಸದೆ, ಎಲ್ಲರೂ ಹೋಗುವವರೆಗೆ ಬೆಂಚಿನ ಮೇಲೆ ಕಾದು, ಆಮೇಲೆ ಒಳಗೆ ಬಂದರು. ರಟ್ಟಿನ ಮೇಲೆ ಬಳಪದಿಂದ ಎಳೆದ ಎಡಪಾದದ ಗುರುತನ್ನು ನನ್ನ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಸುತ್ತಳತೆಗೆ ಕತ್ತರಿಸಿದ ಮೂರು ದಾರಗಳು, ಬೆಳಗಿನದು, ಮಧ್ಯಾಹ್ನದ್ದು, ಸಂಜೆಯದು.

"ಈಗ ಮೈಭಾರ ಎಲ್ಲಾ ಈ ಕಾಲ ಮೇಲೇ. ಹರಡು ಕೆಂಪಗಾಗ್ತೈತೆ. ಅಂಗಡೀದು ಆಗಲ್ಲ" ಎಂದರು.

"ಅಕ್ಕಾ, ನನ್ನ ಕೈಲಿ ಆಗಲ್ಲ."

"ನಂಗೂ ಇಷ್ಟ ಇಲ್ಲ. ಬೇರೆ ಯಾರ್ನ ಕೇಳ್ಲಿ? ಈ ಕಾಲು ನೋಡಿರೋರು ನೀವೊಬ್ರೇ."

ಕ್ಷಮಿಸಿದ್ದೇನೆ ಎಂಬ ಅರ್ಥ ಆ ಮಾತಿನಲ್ಲಿ ಇರಲಿಲ್ಲ. ಅದನ್ನು ನಾನು ಹುಡುಕಲೂ ಇಲ್ಲ. ರಟ್ಟನ್ನು ಬ್ಯಾಗಿಗೆ ಹಾಕಿಕೊಂಡೆ.

ಈ ಸಲ ಬಿಳಿ ನೂಲು. ಕಡ್ಡಿ ಹಿಡಿಯುವ ಮೊದಲೇ ಇಡೀ ಉಂಡೆಯನ್ನು ಬಿಚ್ಚಿ, ಬೆರಳ ನಡುವೆ ಹಾಯಿಸಿ, ಮತ್ತೆ ಸುತ್ತಿದೆ. ಎರಡು ಗಂಟು ಸಿಕ್ಕವು, ಎರಡನ್ನೂ ಕತ್ತರಿಸಿದೆ. ಸೇರಿಸುವುದೆಲ್ಲ ಪಾದದ ಮೇಲ್ಭಾಗದಲ್ಲೇ. ಉಲ್ಟಾ ಕುಣಿಕೆಯ ಉಬ್ಬುಗಳೆಲ್ಲ ಹೊರಗೆ ಬರುವಂತೆ, ನುಣುಪಾದ ಮೈ ಒಳಗೆ ಇರುವಂತೆ ಹೆಣೆದೆ. ನೋಡಲು ಚೆನ್ನಾಗಿರಲಿಲ್ಲ. ಹಿಮ್ಮಡಿಯನ್ನು ನಾಲ್ಕು ಸಲ ಬಿಚ್ಚಿದೆ. ಮೊದಲು ವಾರದೊಳಗೆ ಮುಗಿಸುತ್ತಿದ್ದ ಕೆಲಸ ಒಂದೂವರೆ ತಿಂಗಳು ಹಿಡಿಯಿತು. ಒಂದೇ ಒಂದು ಕಾಲುಚೀಲ.

ಭಾನುವಾರ ಬೆಳಗ್ಗೆ ಮೇಲೂರಿಗೆ ಹೋದೆ. ಅವರು ಜಗಲಿಯ ಮೇಲೆ ಕೂತು, ಮೊರದಲ್ಲಿ ಕಲೆ ಬಿದ್ದ ರೇಷ್ಮೆ ಗೂಡುಗಳನ್ನು ಬೇರೆ ಮಾಡುತ್ತಿದ್ದರು. ತುಂಬಾ ಸಣ್ಣಗಾಗಿದ್ದರು. ಹೆಂಡತಿ ಅವರಿಗೆ ಎಲ್ಲವನ್ನೂ ಹೇಳಿದ್ದರೆಂದು ಆ ನೋಟದಿಂದಲೇ ತಿಳಿಯಿತು. "ಬಾಮ್ಮಾ, ಕೂತ್ಕೋ" ಎಂದರು. ಮೊದಲಿನಂತೆ ಸಿಸ್ಟರಮ್ಮಾ ಎನ್ನಲಿಲ್ಲ.

ಹೆಂಡತಿ ಕಾಲುಚೀಲ ಇಸಿದುಕೊಂಡು ಒಳಮೈ ಹೊರಗೆ ಮಾಡಿದರು. "ನನ್ನ ಬೆರಳಿಗೆ ಏನೂ ತಿಳಿಯಲ್ಲ, ಬಿಸಿನೀರಲ್ಲಿ ಬೆಂದೋಗವೆ" ಎಂದು ಹೇಳಿ, ಕಣ್ಣು ಮುಚ್ಚಿ, ಚೀಲವನ್ನು ಅದರ ಬಾಯಂಚಿನಿಂದ ತುದಿಯವರೆಗೆ ರೆಪ್ಪೆಯ ಮೇಲೆ ನಿಧಾನವಾಗಿ ಎಳೆದರು. ಒಂದು ಕಡೆ ನಿಂತರು. ಮತ್ತೆ ಎಳೆದರು.

"ಇಲ್ಲಿ ಏನೋ ಐತೆ."

ನಾನು ಬೆರಳಾಡಿಸಿದೆ. ಏನೂ ಇರಲಿಲ್ಲ. ಆಕೆಯ ಹಾಗೆಯೇ ರೆಪ್ಪೆಯ ಮೇಲೆ ಎಳೆದು ನೋಡಿದೆ. ಆಗಲೂ ಏನೂ ಇರಲಿಲ್ಲ. ಅಲ್ಲಿ ನೂಲು ಕೂಡಿಸಿದ ಜಾಗವೂ ಅಲ್ಲ, ಸೂಜಿ ಹಾಕಿದ ಜಾಗವೂ ಅಲ್ಲ.

"ಏನಿಲ್ಲ ಬಿಡೇ. ಕೊಡು ಇಲ್ಲಿ, ಹಾಕ್ಕೊಂತೀನಿ" ಎಂದು ಅವರು ಕೈಚಾಚಿದರು. ಆಕೆ ಕೊಡಲಿಲ್ಲ. ಅವರ ಕಡೆ ನೋಡಲೂ ಇಲ್ಲ.

ಏನೂ ಇಲ್ಲವೆಂದು ನಾನೂ ಹೇಳಬಹುದಿತ್ತು. ಅದರ ಬದಲು ಬ್ಯಾಗಿನಿಂದ ಕತ್ತರಿ ತೆಗೆದು, ತುದಿಯ ನೂಲನ್ನು ಕತ್ತರಿಸಿ ಎಳೆದೆ. ಆಕೆ ಎದುರಿಗೆ ಕೂತು ಎರಡೂ ಕೈ ಮುಂದೆ ಚಾಚಿದರು. ಬಿಚ್ಚಿದ ನೂಲನ್ನು ಆ ಕೈಗಳಿಗೆ ಸುತ್ತುತ್ತಾ ಹೋದೆ. ಬೆರಳ ಭಾಗ ಹೋಯಿತು. ಆಕೆ ತೋರಿಸಿದ ಜಾಗವೂ ದಾಟಿತು.

"ಎಲ್ಲಿಗಂಟ ಬಿಚ್ಚಲಿ ಅಕ್ಕಾ?"

"ನಾನು ಹೇಳೋಗಂಟ."

ಹಿಮ್ಮಡಿಯ ಬಾಗು ಬಿಚ್ಚಿಕೊಂಡು ಚಪ್ಪಟೆಯಾಯಿತು. ಆಕೆ ಸಾಕೆನ್ನಲಿಲ್ಲ. ನಾನು ಎಳೆಯುತ್ತಲೇ ಇದ್ದೆ.